ಹಿಪ್ಪೊಲಿಟಾಳ ಡಾಬು

ಎಲ್ಲ ರಂಪಕ್ಕೂ ಕಾರಣ ಒಂದು ಬೆಳ್ಳಿ ಡಾಬು.

ಅದು ಸುದರ್ಶನನ ತಾಯಿಯದು. ಹೆಂಡತಿ ಮಧುರಾ ಮಗಳನ್ನು ಕರೆದುಕೊಂಡು ಮೆಲ್ಬರ್ನಿನ ಗ್ಲೆನ್ ವೇವರ್ಲಿಗೆ ಹೋದಾಗ ಸಿಡ್ನಿಯ ವೆಸ್ಟ್‌ಮೀಡ್ ಫ್ಲ್ಯಾಟಿನಲ್ಲಿ ಎರಡು ವಸ್ತುಗಳು ಉಳಿದುಹೋದವು. ಬೀರುವಿನ ಮೂಲೆಯಲ್ಲಿ ಡಾಬು, ಸೋಫಾದ ಮೂಲೆಯಲ್ಲಿ ಸುದರ್ಶನ. ಒಳ್ಳೆಯ ಸ್ಕೂಲಿದೆ ಎಂದು ಅಲ್ಲಿ ಮನೆ ಕೊಂಡದ್ದಾಗಿತ್ತು, ಮಧುರಾಳಿಗೆ ಅಲ್ಲೇ ಕೆಲಸವೂ ಸಿಕ್ಕಿತ್ತು. ಇವನ ಆಫೀಸು ಮಾತ್ರ ಚಾಟ್ಸ್‌ವುಡ್ ಬಿಟ್ಟು ಕದಲಲಿಲ್ಲ. ಆರು ತಿಂಗಳ ಮಟ್ಟಿಗೆ ಎಂದು ಶುರುವಾದ ಏರ್ಪಾಡು ಎರಡು ವರ್ಷ ದಾಟಿತ್ತು. ಸುದರ್ಶನ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟುಕೊಂಡು ಮೊಸರನ್ನ ಉಣ್ಣುತ್ತಿದ್ದ. ಮಗಳು ಆ ಪರದೆಯಲ್ಲೇ ಉದ್ದವಾಗುತ್ತಿದ್ದಳು.

ಶುಕ್ರವಾರ ಸಂಜೆ ಪರದೆಯಲ್ಲಿ ಸಾನ್ವಿ ಕುಣಿಯುತ್ತಿದ್ದಳು. "ಅಪ್ಪಾ, ಐ ಗಾಟ್ ದ ರೋಲ್. ಹಿಪ್ಪೊಲಿಟಾ. ಮಂಡೇ ಪ್ಲೇ ಇದೆ."

"ಯಾರಮ್ಮ ಅದು?"

"ವಾರಿಯರ್ ಕ್ವೀನ್ ಅಪ್ಪಾ. ಗ್ರೀಕ್."

ಕತೆ ಹೀಗಿತ್ತು. ಹಿಪ್ಪೊಲಿಟಾ ಹೆಂಗಸರೇ ಆಳುವ, ಹೆಂಗಸರೇ ಕುದುರೆಯೇರಿ ಕಾದುವ ರಾಜ್ಯದ ರಾಣಿ. ಅವಳಪ್ಪ ಯುದ್ಧದ ದೇವರು. ಅವನು ಮಗಳಿಗೆ ಒಂದು ಸೊಂಟಪಟ್ಟಿ ಕೊಟ್ಟಿದ್ದ. ಅದನ್ನು ತರಲೆಂದು ಹರ್ಕ್ಯುಲಿಸ್ ಎಂಬ ಮಹಾಬಲಶಾಲಿ ಹಡಗು ಹತ್ತಿ ಹೋದ.

"ಆಮೇಲೆ ಫೈಟಾ?"

"ಫೈಟ್ ಆಗೋದು ಮಿಸ್ಟೇಕ್‌ನಿಂದ. ಕ್ವೀನ್ ತಾನೇ ಅವನ ಶಿಪ್ ಹತ್ರ ಬರ್ತಾಳೆ, ಬೆಲ್ಟ್ ಕೊಡ್ತೀನಿ ಅಂತಾಳೆ. ಅವನು ಸುಮ್ನೆ ವೆಯ್ಟ್ ಮಾಡಿದ್ರೆ ಸಾಕಿತ್ತು. ಅಪ್ಪಾ, ಅಜ್ಜಿ ಡಾಬು ನಿನ್ನ ಹತ್ರ ಇದೆ ಅಲ್ವಾ?"

ಸುದರ್ಶನನ ತಲೆಯಲ್ಲಿ ನಿಂತದ್ದು ಒಂದೇ ಮಾತು. ಸೊಂಟಪಟ್ಟಿಯನ್ನು ಕೊಟ್ಟವನು ಅಪ್ಪ. "ನಾನೇ ತಂದು ಕಟ್ತೀನಿ ಪುಟ್ಟಿ. ನಾಳೆನೇ ಬರ್ತೀನಿ" ಎಂದ.

ಮಧುರಾ ಫೋನು ಕಿತ್ತುಕೊಂಡಳು. "ನೀವು ಬರ್ಬೇಡಿ ರೀ. ಟಿಕೆಟ್ ರೇಟ್ ನೋಡಿದೀರಾ? ಈ ತಿಂಗಳ ಮಾರ್ಟ್‌ಗೇಜ್ ಬೇರೆ ಇದೆ. ಡಾಬು ಅಲ್ಲೇ ಇರ್ಲಿ, ನಾನೇನಾದ್ರೂ ವ್ಯವಸ್ಥೆ ಮಾಡ್ತೀನಿ."

"ಸೋಮವಾರದೊಳಗೆ ಏನು ವ್ಯವಸ್ಥೆ ಮಾಡ್ತೀಯ?"

"ಮಾಡ್ತೀನಿ ಅಂದ್ನಲ್ಲ. ನೀವು ಸುಮ್ನೆ ಮನೇಲಿರಿ."

ಬರಬೇಡಿ ಎಂದ ಮಾತು ಅವನಿಗೆ ಚುಚ್ಚಿತು. ಅವರಿಗೆ ತಾನು ಬೇಡವಾದೆನೋ, ತಿಂಗಳ ಕಂತು ಕಟ್ಟುವ ಯಾರೋ ದೂರದ ನೆಂಟನಾದೆನೋ ಎಂದುಕೊಂಡ. ಆಮೇಲೆ ಹೋಗುವುದು ಶನಿವಾರಕ್ಕೆ, ಬರುವುದು ಭಾನುವಾರ ಸಂಜೆಗೆ ಎಂದು ಬದಲಾಯಿಸಲಾಗದ ಅಗ್ಗದ ಟಿಕೆಟ್ ಬುಕ್ ಮಾಡಿದ.

ಶನಿವಾರ ಬೆಳಗ್ಗೆ ಫೋನು ಎರಡು ಸಲ ಗುಂಯ್‌ಗುಟ್ಟಿತು. ಒಂದು ಬ್ಯಾಂಕಿನ ಮೆಸೇಜು, ಇನ್ನೊಂದು ಹಲ್ಲಿನ ಡಾಕ್ಟರದು. ಸುದರ್ಶನ ತೆಗೆದೂ ನೋಡಲಿಲ್ಲ. ಹಿಂದೊಮ್ಮೆ ಅವನನ್ನು ಮೆಲ್ಬರ್ನಿನಲ್ಲಿ ಇಳಿಸಿ ಅವನ ಸೂಟ್‌ಕೇಸು ಹೋಬಾರ್ಟ್ ಊರು ನೋಡಲು ಹೋಗಿತ್ತು. ಅಂದಿನಿಂದ ಚೀಲವನ್ನು ನಂಬುತ್ತಿರಲಿಲ್ಲ. ಡಾಬನ್ನು ಅಂಗಿಯೊಳಗೆ ಸೊಂಟಕ್ಕೇ ಬಿಗಿದುಕೊಂಡ. ಉಸಿರು ಹಿಡಿದು ಹೊಟ್ಟೆ ಒಳಗೆಳೆದ ಮೇಲೆ ಕೊಂಡಿ ಟಕ್ಕೆಂದು ಕೂತಿತು.

ಮೆಟ್ಟಿಲಿಳಿದರೆ ಕೆಳಗಿನ ಮನೆಯ ಕಾಂತಪ್ಪ ಅಡ್ಡ ನಿಂತಿದ್ದರು. ಉಡುಪಿ ಕಡೆಯವರು. ಇಡೀ ಬಿಲ್ಡಿಂಗಿನ ಕಷ್ಟಸುಖವೆಲ್ಲ ತಮ್ಮದೇ ಎಂದು ತಿಳಿದವರು, ಇವನ ಫ್ಲ್ಯಾಟಿನ ಇನ್ನೊಂದು ಬೀಗದ ಕೈಯೂ ಅವರಲ್ಲೇ ಇತ್ತು.

"ಒಂದು ಕೈ ಹಾಕಿ ಮಾರಾಯ್ರೆ. ಈ ಮೇಜು ಮೇಲೆ ತೆಗೊಂಡು ಹೋಗ್ಲಿಕ್ಕುಂಟು."

"ಮೇಲೆ ಯಾರ ಮನೆಗೆ ಅಂಕಲ್?"

"ಮತ್ತೆ ಹೇಳ್ತೇನೆ. ಮೊದಲು ಎತ್ತಿ."

ಬಾಗಿದರೆ ಡಾಬು ಪಕ್ಕೆಗೆ ಚುಚ್ಚುತ್ತಿತ್ತು. ಸುದರ್ಶನ ನೆಟ್ಟಗೆ ನಿಂತೇ, ಮೈಯೆಲ್ಲ ಸಿಮೆಂಟು ಹಾಕಿಸಿಕೊಂಡವನಂತೆ, ಮೇಜನ್ನು ತನ್ನ ಮಹಡಿಯವರೆಗೂ ಹೊತ್ತು ಇಳಿಸಿದ. ಏದುಸಿರು ಬಿಡುತ್ತ, ತಾನು ಮೆಲ್ಬರ್ನಿಗೆ ಹೊರಟಿದ್ದೇನೆ ಎಂದ.

ಕಾಂತಪ್ಪನವರ ಮುಖ ಬಿಳಚಿಕೊಂಡಿತು. "ಇವತ್ತಾ? ಇವತ್ತು ಹೋಗುದು ಬೇಡ. ಇವಳೇ, ಇಲ್ಲಿ ಕೇಳು, ಇವರು ಮೆಲ್ಬರ್ನಿಗೆ ಹೋಗುದಂತೆ."

ಹೆಂಡತಿ ಕುಸುಮಾವತಿ ಸೌಟಿನ ಸಮೇತ ಬಂದು ಅವನನ್ನು ಕೆಳಗೆ ಎಳೆದುಕೊಂಡು ಹೋದರು. "ಖಾಲಿ ಹೊಟ್ಟೆಯಲ್ಲಿ ಪ್ರಯಾಣ ಮಾಡ್ಲಿಕ್ಕಿಲ್ಲ. ನೀರ್‌ದೋಸೆ ಉಂಟು, ಕೂತ್ಕೊಳ್ಳಿ."

ದೋಸೆಯ ಮೇಲೆ ದೋಸೆ ಬಿತ್ತು. ಬೆಲ್ಲ, ಕಾಯಿತುರಿ, ಆಮೇಲೆ ಪಾಯಸ. ಬೆಳಗ್ಗೆಯೇ ಪಾಯಸವೇಕೆ ಎಂದು ಕೇಳಲು ಬಾಯಿ ಖಾಲಿ ಇರಲಿಲ್ಲ. ನಡುನಡುವೆ ಕುಸುಮಾವತಿ ಅಡಿಗೆಮನೆಗೆ ಹೋಗಿ ಯಾರಿಗೋ ಫೋನು ಹಚ್ಚುವುದು, "ಆಫ್ ಉಂಟು, ಎಂತ ಮಾಡುದು" ಎಂದು ಗಂಡನಿಗೆ ಪಿಸುಗುಡುವುದು ನಡೆದೇ ಇತ್ತು. ಡಾಬಿನ ಕೆಳಗೆ ಹೊಟ್ಟೆ ಉಬ್ಬುತ್ತ ಬಂತು. ಸುದರ್ಶನ ಮೆಲ್ಲನೆ ಕೊಂಡಿ ಸಡಿಲಿಸಲು ನೋಡಿದ. ಅದು ಒಪ್ಪಲಿಲ್ಲ.

ಟ್ರೇನಿಗೆ ಹೊತ್ತಾಯಿತು ಎಂದು ಎದ್ದಾಗ ಕಾಂತಪ್ಪ ದಾರಿ ತೋರಿಸಿದರು. "ಟ್ರೇನ್ ಎಂತಕ್ಕೆ? ಮನೋಜ್ ಕಾರಲ್ಲಿ ಬಿಡ್ತಾನೆ."

ಮನೋಜ್ ಸುದರ್ಶನನ ಆಫೀಸಿನವನೇ, ಎದುರು ಬಿಲ್ಡಿಂಗಿನಲ್ಲಿದ್ದ. ಬಂದವನು ಕಾಂತಪ್ಪನವರ ಹತ್ತಿರ ಎರಡು ನಿಮಿಷ ಗುಸುಗುಸು ಮಾತಾಡಿ ಕಾರು ಹತ್ತಿದ. ಏರ್‌ಪೋರ್ಟು ಒಂದು ದಿಕ್ಕಿಗಿದ್ದರೆ ಕಾರು ಇನ್ನೊಂದು ದಿಕ್ಕಿಗೆ ಓಡಿತು.

"ಇದೆಲ್ಲಿಗೆ ಮನೋಜ್?"

"ಚಾಟ್ಸ್‌ವುಡ್ ಗುರು. ಲ್ಯಾಪ್‌ಟಾಪ್ ಬಿಟ್ಟಿದೀನಿ. ಫೈವ್ ಮಿನಿಟ್ಸ್."

ಆಫೀಸಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ ಮೇಲೆ ಹೋದ ಮನೋಜ್ ಇಳಿದು ಬರಲೇ ಇಲ್ಲ. ಕತ್ತಲ ಕಾರಿನಲ್ಲಿ ಕೂತ ಸುದರ್ಶನನಿಗೆ ಅಳು ಬರುವಂತಾಯಿತು. ಎರಡು ವರ್ಷ ಒಬ್ಬನೇ ಬಿದ್ದಿದ್ದಾಗ ಭಾನುವಾರದ ಮಧ್ಯಾಹ್ನ ಒಂದು ದಿನವೂ ಬಾಗಿಲು ತಟ್ಟದ ಜನ, ಇವತ್ತು ಮಗಳ ಹತ್ತಿರ ಹೊರಟರೆ ಮಾತ್ರ ಕಾಲಿಗೆ ಸುತ್ತಿಕೊಳ್ಳುತ್ತಾರಲ್ಲ ಎಂದು ಸಿಟ್ಟು ಉಕ್ಕಿತು. ಹರ್ಕ್ಯುಲಿಸನಿಗೂ ಇಷ್ಟು ಅಡ್ಡಿ ಬಂದಿರಲಾರದು. ಕಾರಿನಿಂದಿಳಿದು ಸ್ಟೇಷನ್ನಿಗೆ ಓಡಿದ. ಮನೋಜನ ಫೋನು ಬಂತು, ಕಾಂತಪ್ಪನವರದು ಬಂತು, ಮತ್ತೆ ಮನೋಜನದು. ಸುದರ್ಶನ ಫೋನನ್ನೇ ಆಫ್ ಮಾಡಿ ಜೇಬಿಗೆ ತುರುಕಿದ.

ಏರ್‌ಪೋರ್ಟಿನ ತಪಾಸಣೆಯ ಕಮಾನು ಅವನನ್ನು ಕಂಡದ್ದೇ ಕಿರುಚಿಕೊಂಡಿತು. ಬೆಲ್ಟ್ ತೆಗೆಯಿರಿ ಎಂದರು. ಚರ್ಮದ ಬೆಲ್ಟ್ ತೆಗೆದ. ಕಮಾನು ಮತ್ತೂ ಕಿರುಚಿತು. ಇನ್ನೊಂದು ಬೆಲ್ಟ್ ಇದೆ, ಅದು ಬಿಚ್ಚಲು ಬರುವುದಿಲ್ಲ, ಅದು ನನ್ನ ತಾಯಿಯದು ಎಂದು ಇಂಗ್ಲಿಷಿನಲ್ಲಿ ಹೇಳಿದಾಗ ತಪಾಸಣೆಯವನು ಅವನನ್ನು ಪರದೆಯ ಹಿಂದಕ್ಕೆ ಕರೆದೊಯ್ದ. ಅಂಗಿ ಎತ್ತಿದರೆ ನೀರ್‌ದೋಸೆಯ ಹೊಟ್ಟೆಯ ಮೇಲೆ ನವಿಲು ಕೆತ್ತಿದ ಬೆಳ್ಳಿಯ ಡಾಬು ಫಳಫಳ ಹೊಳೆಯುತ್ತಿತ್ತು. ಇಬ್ಬರು ಬಂದು ನೋಡಿದರು, ಇನ್ನಿಬ್ಬರನ್ನು ಕರೆದರು. ಅಷ್ಟು ಜನ ಅವನನ್ನು ಒಟ್ಟಿಗೆ ನೋಡಿ ಎಷ್ಟೋ ಕಾಲವಾಗಿತ್ತು. ಪರದೆಯಾಚೆ, ಮೆಲ್ಬರ್ನಿನಿಂದ ಆಗತಾನೇ ಇಳಿದ ಜನ ಮಕ್ಕಳುಮರಿಗಳೊಂದಿಗೆ ಗಲಗಲ ಮಾತಾಡುತ್ತ ಹೊರಗೆ ಹೋಗುತ್ತಿದ್ದರು. ಅದೃಷ್ಟವಂತರು ಎಂದುಕೊಂಡ.

ಕೊನೆಗೂ ಬಿಟ್ಟರು. ವಿಮಾನ, ಬಸ್ಸು, ಆಮೇಲೆ ಟ್ರೇನು. ಗ್ಲೆನ್ ವೇವರ್ಲಿ ಕೊನೆಯ ಸ್ಟೇಷನ್ನು. ಅಲ್ಲಿಂದ ಮುಂದೆ ಹಳಿಯೇ ಇಲ್ಲ ಎನ್ನುವುದು ಅವನಿಗೆ ಯಾವಾಗಲೂ ಸಮಾಧಾನ ಕೊಡುತ್ತಿತ್ತು. ಸಾನ್ವಿ ಬಾಗಿಲು ತೆಗೆಯುವಾಗ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ. "ಮಹಾರಾಣಿಯವರೇ, ನಿಮ್ಮಪ್ಪ ಬಂದಿದ್ದಾನೆ."

ಬೆಲ್ ಒತ್ತಿದ. ಮತ್ತೆ ಒತ್ತಿದ. ತಾನು ಕಂತು ಕಟ್ಟುವ ಮನೆಯ ಬೀಗದ ಕೈ ತನ್ನ ಬಳಿ ಇಲ್ಲ ಎಂಬುದು ಆಗ ಹೊಳೆಯಿತು.

ಪಕ್ಕದ ಮನೆಯಿಂದ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ನೀರಿನ ಪೈಪು ಹಿಡಿದು ಬಂದರು. ಮಗಳ ಮನೆಗೆ ಧಾರವಾಡದಿಂದ ಬಂದಿದ್ದ ಗುರುಶಾಂತಪ್ಪ.

"ಯಾರ್ ಬೇಕಾಗಿತ್ರೀ?"

"ಇದು ನನ್ನ ಮನೆ."

"ಈ ಮನಿ ಯಜಮಾನ್ರು ಸಿಡ್ನ್ಯಾಗ ಇರ್ತಾರ್ರೀ."

"ನಾನೇ ಆ ಯಜಮಾನ."

ಗುರುಶಾಂತಪ್ಪ ಕಿಟಕಿಯಿಂದ ಒಳಗೆ ಹಣಕಿ, ಗೋಡೆಯ ಫೋಟೋ ನೋಡಿ, ಇವನ ಮುಖ ನೋಡಿ, ಮತ್ತೆ ಫೋಟೋ ನೋಡಿದರು. "ಹೌದ್ ನೋಡ್ರಿ, ನೀವ ಅದೀರಿ. ಆದ್ರ ಇಲ್ಲಿ ಹೆಂಗ ಬಂದ್ರಿ? ತಾಯಿ ಮಗಳು ಮುಂಜಾನೇನ ಸಿಡ್ನಿಗೆ ಹೋದ್ರಲ್ಲ. ನಿಮಗ ಹೇಳದಂಗ ಹೊಂಟೀವಿ, ಡಾಬು ತರ್ತೀವಿ ಅಂದ್ರು. ಗಿಡಕ್ಕ ನೀರು ಹಾಕ್ರಿ ಅಂತ ಕೀಲಿ ಕೊಟ್ಟಾರ."

ಗುರುಶಾಂತಪ್ಪ ಬಾಗಿಲು ತೆಗೆದುಕೊಟ್ಟು, ಗಿಡಕ್ಕೆ ನೀರು ಹಾಕಿ ಹೋದರು. ಮನೆಯಲ್ಲಿ ಮೂವರಿಗೆ ಸಾಲುವಷ್ಟು ಕುರ್ಚಿ, ಹೊದಿಕೆ, ಚಪ್ಪಲಿ ಎಲ್ಲ ಇದ್ದವು. ಸುದರ್ಶನ ನಡುಮನೆಯಲ್ಲಿ ನಿಂತು ಫೋನು ಆನ್ ಮಾಡಿದ. ಮರುಕ್ಷಣವೇ ವಿಡಿಯೋ ಕರೆ ಬಂತು.

ಪರದೆಯ ತುಂಬ ಅವನದೇ ವೆಸ್ಟ್‌ಮೀಡ್ ಫ್ಲ್ಯಾಟು. ಇಬ್ಬರು ಕೂತರೆ ಹೆಚ್ಚು ಎನ್ನುವ ಸೋಫಾದ ಮೇಲೆ ಐದಾರು ಜನ. ನಡುವೆ ಅವನೇ ಹೊತ್ತು ಹಾಕಿದ ಮೇಜು, ಮೇಜಿನ ಮೇಲೆ ಕೇಕು. ಕುಸುಮಾವತಿ ಪಾಯಸ ಬಡಿಸುತ್ತಿದ್ದರು. ಮನೋಜ್ ಕಣ್ಣು ತಪ್ಪಿಸಿದ.

"ಎಲ್ಲಿದೀರಾ ರೀ?" ಎಂದಳು ಮಧುರಾ. ಅವಳ ಕಣ್ಣು ಕೆಂಪಾಗಿತ್ತು. "ಸುಮ್ನೆ ಮನೇಲಿರಿ ಅಂದಿದ್ನಲ್ಲ. ಇವತ್ತು ಏನು ಅಂತಾದ್ರೂ ನೆನಪಿದ್ಯಾ?"

ನೆನಪಿರಲಿಲ್ಲ. ಬೆಳಗಿನ ಮೆಸೇಜುಗಳನ್ನು ತೆಗೆದು ನೋಡಿದ. ಬ್ಯಾಂಕೂ ಹಲ್ಲಿನ ಡಾಕ್ಟರೂ ಅವನಿಗೆ ಹುಟ್ಟುಹಬ್ಬದ ಶುಭಾಶಯ ಕೋರಿದ್ದರು.

"ಈಗಲೇ ಹೊರಟು ಬರ್ತೀನಿ."

"ನಾನು ನೋಡ್ದೆ ರೀ. ಇವತ್ತು ಸೀಟೇ ಇಲ್ಲ. ನಾವು ನಾಳೆ ಸಂಜೆ ಫ್ಲೈಟಿಗೆ ಬರ್ತೀವಿ."

ಅವನದೂ ನಾಳೆ ಸಂಜೆಯದೇ. ಸೋಮವಾರ ಬೆಳಗ್ಗೆ ಆಫೀಸಿಗೆ ಕಡ್ಡಾಯ. ನಾಳೆ ಆಕಾಶದಲ್ಲಿ ಎಲ್ಲೋ ಮತ್ತೊಮ್ಮೆ ಎದುರುಬದುರು ಹಾಯಬೇಕು, ಅಷ್ಟೇ.

ಸಾನ್ವಿ ಪರದೆಗೆ ಮುಖ ತಂದಳು. "ಅಪ್ಪಾ, ಡಾಬು?"

ಸುದರ್ಶನ ಅಂಗಿ ಎತ್ತಿ ತೋರಿಸಿದ. ಅಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸಾನ್ವಿ ನಗಲಿಲ್ಲ.

"ಕ್ವೀನ್ ತಾನೇ ಬರ್ತಾಳೆ ಅಂತ ಹೇಳಿದ್ನಲ್ಲ ಅಪ್ಪಾ."

"ನೀನು ಹೇಳಿದ್ದೆ ಪುಟ್ಟಿ. ನಾನೇ ಸರಿಯಾಗಿ ಕೇಳಿಸ್ಕೊಳ್ಲಿಲ್ಲ."

ಕೇಕಿನ ಮೇಲೆ ಮೇಣದಬತ್ತಿ ಹಚ್ಚಿ ಫೋನನ್ನು ಅದರೆದುರು ಉಪ್ಪಿನ ಡಬ್ಬಿಗೆ ಒರಗಿಸಿಟ್ಟರು. ಎಲ್ಲರೂ ಊದು ಎಂದರು. ಸುದರ್ಶನ ತನ್ನ ಫೋನನ್ನು ಬಾಯಿಯ ಹತ್ತಿರ ತಂದು ಜೋರಾಗಿ ಊದಿದ. ಗಾಜು ಮಸುಕಾಯಿತು. ಒರೆಸಿ ನೋಡಿದರೆ ಸಿಡ್ನಿಯಲ್ಲಿ ದೀಪ ಅಲ್ಲಾಡದೆ ಉರಿಯುತ್ತಿತ್ತು.

"ಮೇಣ ಕೇಕಿನ ಮೇಲೆ ಬೀಳ್ತದೆ ಮಾರಾಯ್ರೆ, ನಾನೇ ಊದ್ತೇನೆ" ಎಂದು ಕಾಂತಪ್ಪ ಊದಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಖಾಲಿ ಮನೆಯಲ್ಲಿ ಸುದರ್ಶನನೂ ತಟ್ಟಿದ. ಅವನಿಗೆ ಡಾಬು ಬಿಚ್ಚಿಟ್ಟು ಹಾಯಾಗಿ ಕೂರಬೇಕೆನಿಸುತ್ತಿತ್ತು, ಕೊಂಡಿ ಬಿಡಲಿಲ್ಲ.