ಮಾವನೆದುರು ಗ್ಯಾಸ್ ಬೆಂಕಿ

ಮಂಗಳವಾರ ಬೆಳಗ್ಗೆ ನಾನು ಎರಡನೆಯ ಕಾಫಿ ಹಿಡಿದು ನಿಂತಿದ್ದೆ. ಗ್ಯಾಸ್ ಕೆಲಸದವನು ನಮ್ಮ ಹಜಾರದ ಗೋಡೆಯಲ್ಲಿರುವ ಅಗ್ಗಿಷ್ಟಿಕೆಯೊಳಗಿಂದ ತಲೆ ಹೊರಗೆಳೆದು, ಕೈ ಒರೆಸಿಕೊಂಡು, ನನ್ನ ಅಂಗೈಯಲ್ಲಿ ಒಂದು ರಿಮೋಟ್ ಇಟ್ಟ. ಒತ್ತಿದೆ. ಸುಟ್ಟ ಮಣ್ಣಿನಲ್ಲಿ ಮಾಡಿ ತೊಗಟೆಯ ಬಣ್ಣ ಬಳಿದ ಕೊರಡುಗಳ ನಡುವೆ ಭುಗ್ಗೆಂದು ಜ್ವಾಲೆ ಎದ್ದಿತು. ಹೊಗೆ ಇಲ್ಲ, ಕಿಡಿ ಇಲ್ಲ, ಚಟಪಟ ಇಲ್ಲ. ನನ್ನ ಕೈಗೆ ಒಂದು ಸಿಬಿರು ಕೂಡ ಚುಚ್ಚಿರಲಿಲ್ಲ. ಕಣ್ಣು ತುಂಬಿ ಬಂತು. (ಹೊಗೆಯಿಲ್ಲದೆ ಆ ಅಗ್ಗಿಷ್ಟಿಕೆಯೆದುರು ನನ್ನ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು.)

"ಕೊರಡುಗಳನ್ನ ಅಲುಗಾಡಿಸ್ಬೇಡಿ ಸರ್. ಇದರ ಮೇಲೆ ಕಾಗದ, ಕಟ್ಟಿಗೆ ಏನೂ ಸುಡ್ಬೇಡಿ" ಎಂದ ಆತ.

"ಗ್ಯಾಸಿನ ಮೇಲೆ ಕಟ್ಟಿಗೆ ಇಡೋನು ಯಾವ ಮೂರ್ಖನಪ್ಪ?"

"ಇರ್ತಾರೆ ಸರ್" ಎಂದು ಅವನು ತನ್ನ ಸಾಮಾನು ಎತ್ತಿಕೊಂಡು ಹೊರಟ.

ಈ ಅವಮಾನ ನನಗೆ ಏಕೆ ಒದಗಿತೆಂದು ಹೇಳಬೇಕು. ಅಮೆರಿಕದ ಲೂಯಿವಿಲ್‌ನ ನಮ್ಮ ಹಳೆಯ ಇಟ್ಟಿಗೆ ಮನೆಯ ಆಡಳಿತದಲ್ಲಿ ಹಣಕಾಸು, ಗೃಹ, ವಿದೇಶಾಂಗ (ಅಂದರೆ ನೆರೆಹೊರೆ) ಎಲ್ಲ ಖಾತೆಗಳೂ ನನ್ನ ಹೆಂಡತಿ ಗ್ಲೆಂಡಾಳ ಕೈಯಲ್ಲಿವೆ. ನನ್ನ ಪಾಲಿಗೆ ಉಳಿದಿದ್ದದ್ದು ಅಗ್ನಿ ಖಾತೆ ಒಂದೇ. ಕಟ್ಟಿಗೆ ಸೀಳುವುದು, ಒಟ್ಟುವುದು, ಓಕ್‌ಗಿಂತ ಹಿಕರಿ ಮರ ಏಕೆ ಮೇಲು ಎಂದು ಬಂದವರಿಗೆಲ್ಲ ಉಪನ್ಯಾಸ ಕೊಡುವುದು, ಒಂದೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸುವುದು, ಇವೆಲ್ಲ ನನ್ನ ಇಲಾಖೆಯ ಕೆಲಸಗಳು. ಕಳೆದ ಫೆಬ್ರವರಿಯಲ್ಲಿ ಚಿಮಣಿಯೊಳಗಿನ ಮುಚ್ಚಳ ತೆರೆಯುವುದನ್ನು ಮರೆತು ಬೆಂಕಿ ಹಚ್ಚಿದೆ. ಹೊಗೆಗೆ ಹೋಗಲು ಬೇರೆ ದಾರಿಯಿಲ್ಲದೆ ಅದು ಮನೆಯನ್ನೆಲ್ಲ ಸುತ್ತಿ ನೋಡಿತು. ಪಕ್ಕದ ಮನೆಯವರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದರು. ದಳದವರು ಗ್ಲೆಂಡಾಳ ಬಿಳಿ ಕಂಬಳಿಹಾಸಿನ ಮೇಲೆ ಬೂಟುಗಾಲಲ್ಲಿ ಓಡಾಡಿ, ಬೆಂಕಿ ಚೆನ್ನಾಗಿದೆ ಎಂದು ಹೇಳಿ ಹೋದರು.

"ಈ ಮನೇಲಿ ಇರೋದು ನಾನೋ ಕಟ್ಟಿಗೆನೋ, ನೀನೇ ತೀರ್ಮಾನ ಮಾಡು" ಎಂದಳು ಗ್ಲೆಂಡಾ.

ನಾನು ತೀರ್ಮಾನಕ್ಕೆ ತುಸು ಸಮಯ ತೆಗೆದುಕೊಂಡೆ. ಅದು ಎರಡನೆಯ ತಪ್ಪು.

ಗ್ಯಾಸ್ ಬಂದದ್ದರಿಂದ ನನಗಾದ ದುಃಖ ದೊಡ್ಡದೇನಲ್ಲ. ಭಯ ದೊಡ್ಡದು. ಭಯದ ಹೆಸರು ಓರಿನ್ ಸ್ಟ್ಯಾಂಪರ್, ಗ್ಲೆಂಡಾಳ ತಂದೆ. ಮರ ಕೊಯ್ಯುವ ಮಿಲ್ಲಿನಲ್ಲಿ ಆಯುಷ್ಯ ಕಳೆದವರು. ಮರದ ವಾಸನೆ ನೋಡಿ ಅದು ಬೆಟ್ಟದ ಯಾವ ಮಗ್ಗುಲಲ್ಲಿ ಬೆಳೆದದ್ದೆಂದು ಹೇಳುವವರು. ಅವರ ಮಗಳನ್ನು ಮದುವೆಯಾದ ಮೇಲೂ ನಾನು ಅವರನ್ನು 'ಸರ್' ಎಂದೇ ಕರೆಯುತ್ತೇನೆ, ಅವರು ನನ್ನನ್ನು 'ಮಗಾ' ಎನ್ನುತ್ತಾರೆ. ಮೊದಲ ಸಲ ಅವರ ಮನೆಗೆ ಹೋದಾಗ ನಾನು ಹಚ್ಚಿದ ಬೆಂಕಿಯನ್ನು ಬಹಳ ಹೊತ್ತು ನೋಡಿ, "ಹುಡುಗನಿಗೆ ಬೆಂಕಿ ಹಚ್ಚೋಕೆ ಬರುತ್ತೆ" ಎಂದಿದ್ದರು. ಆ ಮನೆತನದಿಂದ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ. ಪ್ರತಿ ವರ್ಷ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬರುವಾಗ ಪಿಕಪ್ ತುಂಬ ಒಣಗಿದ ಹಿಕರಿ ತಂದು ನನಗೆ ಕೊಡುತ್ತಾರೆ. ಆ ಪ್ರಶಸ್ತಿಯ ವಾರ್ಷಿಕ ನವೀಕರಣ ಅದು ಎಂದು ನಾನು ತಿಳಿದಿದ್ದೆ.

ಊಟ ಇದ್ದದ್ದು ಗುರುವಾರ.

"ಗ್ಲೆಂಡಾ, ನಿಮ್ಮಪ್ಪನಿಗೆ ಹೇಳ್ಬೇಡ."

"ಏನನ್ನ?"

"ಗ್ಯಾಸ್ ವಿಷ್ಯ."

"ಅಪ್ಪನಿಗೆ ಕಣ್ಣಿದೆ, ಡ್ವೈಟ್."

"ಕಣ್ಣಿಗೆ ಬೀಳೋದನ್ನ ನಾನು ನೋಡ್ಕೋತೀನಿ."

"ತಲೆ ನೆರೆತ ಮೇಲೆ ನಾಟಕ ಕಲೀತೀಯ? ಕಲಿ. ನಾನು ಸುಳ್ಳು ಹೇಳಲ್ಲ. ಅಪ್ಪ ಕೇಳಿದ್ರೆ ಹೇಳ್ಬಿಡ್ತೀನಿ."

"ಕೇಳದೇ ಇದ್ರೆ?"

"ಟರ್ಕಿ ಕೋಳಿ ಬಡಿಸ್ತೀನಿ."

ಗುರುವಾರ ಬೆಳಗ್ಗೆಯಿಂದ ರಂಗಸಜ್ಜಿಕೆ ಶುರುವಾಯಿತು. ಅಗ್ಗಿಷ್ಟಿಕೆಯ ಮುಂದಿನ ಕಲ್ಲಿನ ಮೇಲೆ ತೊಗಟೆಯ ಚೂರುಗಳನ್ನು ಚೆಲ್ಲಿದೆ. ಚೆಲ್ಲಿದ್ದು ಬೇಕೆಂದೇ ಚೆಲ್ಲಿದಂತೆ ಕಂಡಿತು. ಎತ್ತಿ ಮತ್ತೆ ಚೆಲ್ಲಿದೆ. ಉಗುರುಗಳಿಗೆ ಮಸಿ ಬಳಿದುಕೊಂಡೆ. ಗ್ಯಾಸಿಗೆ ಸುವಾಸನೆಯಿಲ್ಲವಾದ್ದರಿಂದ ಹಿತ್ತಲಲ್ಲಿ ಮಾಂಸ ಸುಡುವ ಗ್ರಿಲ್‌ನೊಳಗೆ ನೆನೆಸಿದ ಹಿಕರಿ ಚೆಕ್ಕೆ ಹಾಕಿ, ಹೊಗೆ ಕಿಟಕಿಯಿಂದ ಒಳಗೆ ಬರುವಂತೆ ಏರ್ಪಾಡು ಮಾಡಿದೆ. ಹೊಗೆ ಬಂತು. ಕಿಟಕಿಯಲ್ಲಿ ಆರಲಿಟ್ಟಿದ್ದ ಸಿಹಿ ಕುಂಬಳಕಾಯಿ ಪೈ ಮೇಲೆ ಹಾದು ಬಂತು. ಗ್ಲೆಂಡಾ ಕಿಟಕಿ ಮುಚ್ಚುತ್ತ ಆಡಿದ ಮಾತನ್ನು ಹಬ್ಬದ ದಿನದ ಗೌರವಕ್ಕಾಗಿ ಇಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಪಿಕಪ್ ಬಂತು. ಓರಿನ್ ಇಳಿದರು, ಹಿಂದೆ ಅತ್ತೆ ನೇಡೀನ್ ಜೋಳದ ರೊಟ್ಟಿಯ ತಟ್ಟೆ ಹಿಡಿದು ಇಳಿದರು. ಎಲ್ಲರೂ ಕುಳಿತ ಮೇಲೆ ನಾನು ಸಭೆಗೆ ಬೆನ್ನು ಮಾಡಿ ಅಗ್ಗಿಷ್ಟಿಕೆಯೆದುರು ಮೊಣಕಾಲೂರಿದೆ. ದಿನಪತ್ರಿಕೆ ಹರಿದು ಮುದುರಿದೆ. ಒಳಗಿಡುವಂತೆ ಕೈಚಾಚಿ, ಒಂದೊಂದೇ ಉಂಡೆಯನ್ನು ಸ್ವೆಟರಿನೊಳಗೆ ತುರುಕಿಕೊಂಡೆ. ಕಡ್ಡಿ ಗೀರಿದೆ. ಇನ್ನೊಂದು ಕೈಯಿಂದ ಅಂಗಿಯ ಎದೆಜೇಬಿನಲ್ಲಿದ್ದ ರಿಮೋಟ್ ಒತ್ತಿದೆ. ಭುಗ್!

ಎದ್ದು ತಿರುಗಿದಾಗ ನನ್ನ ಹೊಟ್ಟೆ ಮೊದಲಿಗಿಂತ ದೊಡ್ಡದಾಗಿತ್ತು. ಹೊಟ್ಟೆ ಬಿರಿಯ ಉಣ್ಣುವ ಆ ಹಬ್ಬದಲ್ಲಿ ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

"ಒಂದೇ ಕಡ್ಡಿ" ಎಂದರು ಓರಿನ್. ಬೆಂಕಿಯ ಕಡೆ ಒಮ್ಮೆ ನೋಡಿ, ಬೇಗನೆ ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದರು. ಭಾವುಕರಾದರೆಂದು ನಾನು ಭಾವಿಸಿದೆ.

"ನನ್ನ ಅಳಿಯ ಇವನು!" ಎಂದು ಅತ್ತೆ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. ನನ್ನ ಹೊಟ್ಟೆ ಸರಸರ ಸದ್ದು ಮಾಡಿತು. ಜೇಬಿನೊಳಗಿನ ರಿಮೋಟ್ ಒತ್ತಿಕೊಂಡಿತು. ಬೆಂಕಿ ಆರಿತು.

"ಒದ್ದೆ ಕಟ್ಟಿಗೆ ಸರ್" ಎಂದೆ. ಕೆಮ್ಮಿದಂತೆ ಮಾಡಿ ಎದೆ ಹಿಡಿದುಕೊಂಡೆ. ಭುಗ್!

"ಒದ್ದೆ ಕಟ್ಟಿಗೆ ಬೇಗ ಹತ್ಕೊಂಡ್ತು" ಎಂದರು ಓರಿನ್, ಕಿಟಕಿಯ ಕಡೆಗೇ ನೋಡುತ್ತ.

ಟರ್ಕಿ ಮುಗಿಯಿತು. ಪೈ ಬಂತು (ಹಿಕರಿಯ ರುಚಿಯಿದೆಯೆಂದು ಅತ್ತೆ ಹೊಗಳಿದರು, ಗ್ಲೆಂಡಾ ನನ್ನ ಕಾಲು ತುಳಿದಳು). ಬೂರ್ಬನ್ ವಿಸ್ಕಿ ಹಿಡಿದು ಓರಿನ್ ಮತ್ತು ನಾನು ಅಗ್ಗಿಷ್ಟಿಕೆಯೆದುರು ಕುಳಿತೆವು. ಬೆಂಕಿ ಊಟಕ್ಕೆ ಮುಂಚೆ ಹೇಗಿತ್ತೋ ಹಾಗೇ ಇತ್ತು. ಅದೇ ಜ್ವಾಲೆ, ಅದೇ ಎತ್ತರ, ಮೇಲಿನ ಕೊರಡಿನ ಅದೇ ಗಂಟು.

"ಒಳ್ಳೆ ಕೊರಡು ಮಗಾ. ಸವೆಯೋದೇ ಇಲ್ಲ" ಎಂದರು ಓರಿನ್.

ಇವರಿಗೆ ಅನುಮಾನ ಬಂದಿದೆ, ಇನ್ನೊಂದು ಗುಟುಕಿನೊಳಗೆ ಕೇಳುತ್ತಾರೆ, ಅಡುಗೆಮನೆಯಿಂದ ಗ್ಲೆಂಡಾ ಸತ್ಯ ನುಡಿಯುತ್ತಾಳೆ, ನನ್ನ ಪ್ರಶಸ್ತಿ ಅಲ್ಲಿಗೆ ಮುಗಿಯಿತು. ತಲೆಯಲ್ಲಿ ಬೂರ್ಬನ್ ಇದ್ದಾಗ ಬುದ್ಧಿಗೆ ಜಾಗ ಇಕ್ಕಟ್ಟು. "ನಿಮ್ಮದೇ ಹಿಕರಿ ಒಂದು ಹಾಕ್ತೀನಿ ಸರ್" ಎಂದವನೇ ಹೊರಗೆ ಓಡಿ, ಪಿಕಪ್ಪಿನಿಂದ ನನ್ನ ತೊಡೆಗಾತ್ರದ ಒಂದು ದಿಮ್ಮಿ ಹೊತ್ತು ತಂದೆ.

ಓರಿನ್ ಕುರ್ಚಿಯಿಂದ ಅರ್ಧ ಎದ್ದರು. "ಬೇಡ ಮಗಾ!"

"ಬಿಡಿ ಸರ್, ನಿಮಗಿಂತ ಹೆಚ್ಚಾ?"

"ಹಾಗಲ್ಲ... ಅದು... ಒಳ್ಳೆ ಕಟ್ಟಿಗೆ, ಕ್ರಿಸ್‌ಮಸ್‌ಗೆ ಇಟ್ಕೋ."

"ಕ್ರಿಸ್‌ಮಸ್‌ಗೆ ಬೇರೆ ಇದೆ."

"ಸೆಕೆ ಆಗ್ತಿದೆ ಕಣೋ! ಇಡ್ಬೇಡ ಅಂದ್ನಲ್ಲ!"

ಇಂಥ ಸಂಕೋಚ ದೊಡ್ಡವರಿಗೆ ಮಾತ್ರ ಇರುತ್ತದೆ ಎಂದುಕೊಂಡು ನಾನು ದಿಮ್ಮಿಯನ್ನು ಮಣ್ಣಿನ ಕೊರಡುಗಳ ಮೇಲೆ ಇಟ್ಟೆ. 'ಇಟ್ಟೆ' ಎನ್ನುವುದು ಸೌಮ್ಯವಾದ ಪದ. ಅದು ಕೈಯಿಂದ ಜಾರಿತು.

ಟಣ್! ಅಡುಗೆಮನೆಯ ಜಾಡಿ ಒಡೆದಂತೆ ಮೇಲಿನ ಕೊರಡು ಎರಡು ಹೋಳಾಯಿತು. ಹಿಕರಿ ಉರುಳಿ ಜ್ವಾಲೆಯ ಮೇಲೆ ಅಡ್ಡ ಬಿತ್ತು. ಜ್ವಾಲೆ ಅತ್ತಿತ್ತ ನಾಲಿಗೆ ಚಾಚಿತು, ದಟ್ಟ ಹೊಗೆ ಕೋಣೆಯೊಳಕ್ಕೆ ಉಕ್ಕಿತು, ಮಾಡಿನಲ್ಲಿದ್ದ ಹೊಗೆ ಎಚ್ಚರಿಕೆಯ ಗಂಟೆ ಕಿರುಚತೊಡಗಿತು. ನಾನು ರಿಮೋಟ್ ಒತ್ತಿದೆ. ಗಾಬರಿಯಲ್ಲಿ ಎರಡು ಸಲ ಒತ್ತಿದೆ. ಆರಿದ್ದು ಮತ್ತೆ ಹೊತ್ತಿತು.

ಆಗ ಓರಿನ್, ಬೆನ್ನುನೋವಿನಿಂದ ಬೂಟಿನ ದಾರ ಕಟ್ಟಿಕೊಳ್ಳಲಾಗದ ಓರಿನ್, ಚಿಗರೆಯಂತೆ ಹಾರಿ ಬಂದು ನೆಲಕ್ಕೆ ಬಗ್ಗಿ, ಅಗ್ಗಿಷ್ಟಿಕೆಯ ಬಲಗೋಡೆಯ ಬುಡದಲ್ಲಿ ಕೈಹಾಕಿ ಏನನ್ನೋ ತಿರುಗಿಸಿದರು. ಬೆಂಕಿ ಆರಿತು. ಇಕ್ಕಳದಿಂದ ಹಿಕರಿಯನ್ನು ಎತ್ತಿ ಹಿತ್ತಲಿಗೆ ಎಸೆದು ಬಂದರು. ಗ್ಲೆಂಡಾ ಪೊರಕೆಯ ಹಿಡಿಯಿಂದ ಗಂಟೆಯ ಬಾಯಿ ಮುಚ್ಚಿಸಿದಳು.

ಅವರು ತಿರುಗಿಸಿದ್ದು ಗ್ಯಾಸ್ ನಿಲ್ಲಿಸುವ ಕೀಲಿ. ಅದು ಅಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

"ಅಪ್ಪಾ" ಎಂದಳು ಗ್ಲೆಂಡಾ, "ಕೀಲಿ ಅಲ್ಲಿದೆ ಅಂತ ನಿಂಗೆ ಹೇಗೆ ಗೊತ್ತು?"

ಓರಿನ್ ಮಾಡು ನೋಡಿದರು. ನಾನು ನೆಲ ನೋಡಿದೆ. ಬಾಯಿ ತೆರೆದವರು ಅತ್ತೆ.

"ನಮ್ಮನೇಲೂ ಅಲ್ಲೇ ಇರೋದಲ್ವಾ!"

"ನೇಡೀನ್!"

"ಸಾಕು ಓರಿನ್, ನನ್ನ ಕೈಲಾಗಲ್ಲ. ನಾಲ್ಕು ವರ್ಷದಿಂದ ನನ್ನ ಬಾಯಿಗೆ ಬೀಗ ಹಾಕಿದ್ದೀಯ. ಡ್ವೈಟ್‌ಗೆ ಗೊತ್ತಾದ್ರೆ ಏನಂದ್ಕೋತಾನೆ, ಅವನು ಬೆಂಕಿ ಬಲ್ಲವನು ಅಂತ. ಚಳಿಗಾಲದಲ್ಲಿ ಇವರನ್ನ ಊಟಕ್ಕೆ ಕರೀಬೇಡ, ನಿನ್ನ ಮಂಡಿನೋವು ಅಂತ ಹೇಳು ಅಂತ. ನನ್ನ ಮಂಡಿಗೇನಾಗಿದೆ? ನೋಡ್ರಪ್ಪ!" ಎಂದು ಅತ್ತೆ ಕುಳಿತು ಎದ್ದು ತೋರಿಸಿದರು.

"ಮತ್ತೆ ಈ ಹಿಕರಿ?" ಎಂದೆ.

"ಶೆಡ್ಡಲ್ಲಿ ಉಳಿದಿತ್ತಲ್ಲ. ಕಾರು ನಿಲ್ಲಿಸೋಕೆ ಜಾಗ ಬೇಕಿತ್ತು" ಎಂದರು ಅತ್ತೆ. "ಬೇರೆ ಯಾರೂ ತಗೊಳ್ಳಲ್ಲ ಕಣೋ. ನೀನು ಒಬ್ಬನೇ ಥ್ಯಾಂಕ್ಸ್ ಬೇರೆ ಹೇಳ್ತೀಯ."

ಗ್ಲೆಂಡಾ ನಗುತ್ತ ಸೋಫಾದ ಮೇಲೆ ಬಿದ್ದಳು. ಓರಿನ್ ನನ್ನ ಪಕ್ಕಕ್ಕೆ ಬಂದು, ಒಡೆದ ಕೊರಡಿನ ಹೋಳುಗಳನ್ನು ಜೋಡಿಸಿ ನೋಡಿ, ತಗ್ಗಿದ ದನಿಯಲ್ಲಿ, "ಒಳಗೆ ಕಾಲಿಟ್ಟಾಗ್ಲೇ ಗೊತ್ತಾಯ್ತು ಮಗಾ. ನಮ್ಮದೂ ಇದೇ ಮಾದರಿ. ಹೇಳೋದು ಹೇಗೆ?" ಎಂದರು. ಆಮೇಲೆ ನನ್ನ ಸ್ವೆಟರಿನ ಕೆಳಗಿಂದ ಇಣುಕುತ್ತಿದ್ದ ಕಾಗದದ ಉಂಡೆಯೊಂದನ್ನು ಎಳೆದು, ಬಿಡಿಸಿ, ಕನ್ನಡಕ ಹಾಕಿಕೊಂಡು ಬೇಸ್‌ಬಾಲ್ ಸುದ್ದಿ ಓದತೊಡಗಿದರು.

ಸಂಜೆ ಹೊರಡುವ ಮುಂಚೆ ನಾವಿಬ್ಬರೂ ಸೇರಿ ಪಿಕಪ್ಪಿನಲ್ಲಿದ್ದ ಹಿಕರಿಯನ್ನು ನಮ್ಮ ಹಿತ್ತಲಲ್ಲಿ ಇಳಿಸಿದೆವು. ತಂದದ್ದನ್ನು ವಾಪಸ್ ಒಯ್ಯುವ ಪದ್ಧತಿ ತಮ್ಮಲ್ಲಿಲ್ಲ ಎಂದರು ಓರಿನ್.

ಹೊಸ ಕೊರಡು ಬರಲು ಜನವರಿಯಾಗುತ್ತದೆ. ಕ್ರಿಸ್‌ಮಸ್ ಊಟ ಈ ಸಲ ಅವರ ಮನೆಯಲ್ಲಿ. ನನ್ನನ್ನು ಅಗ್ಗಿಷ್ಟಿಕೆಯಿಂದ ದೂರ, ಊಟದ ಮೇಜಿನ ಆ ತುದಿಗೆ, ಫ್ರಿಜ್ಜಿನ ಪಕ್ಕದಲ್ಲಿ ಕೂರಿಸುವುದೆಂದು ಅತ್ತೆ ಗ್ಲೆಂಡಾಗೆ ಫೋನಿನಲ್ಲಿ ಹೇಳಿದ್ದಾರೆ.