ಮೂರನೇ ಕೂಗು

ಕುಕ್ಕರ್ ಮೂರು ಸಲ ಕೂಗಿದ ಮೇಲೆ ಇಳಿಸುವುದಷ್ಟೇ ಹನುಮಂತರಾಜುವಿನ ಕೆಲಸವಾಗಿತ್ತು. ಆತ ಮೊಬೈಲಿನಲ್ಲಿ ಕೊನೇ ಓವರ್ ನೋಡುತ್ತಿದ್ದ. ಬೇಳೆ ತಳ ಹಿಡಿಯಿತು, ಹೆಂಡತಿ ಶೃತಿ ಕುಣಿಗಲ್ಲಿನ ತವರುಮನೆಯ ದಾರಿ ಹಿಡಿದಳು.

ವಾರವಿಡೀ ಗುಬ್ಬಿಯ ಹೋಟೆಲ್ ಸಾರು ಉಂಡು ನಾಲಿಗೆ ಸತ್ತ ರಾಜು, ಭಾನುವಾರ ಬೆಳಿಗ್ಗೆ ಹೆಂಡತಿಗೆ ಕಳಿಸಲೆಂದು ಹಾಡೊಂದನ್ನು ಕಟ್ಟಿ, ಕಿಟಕಿ ಪಕ್ಕ ನಿಂತು ಕಣ್ಣು ಮುಚ್ಚಿ ಹಾಡಿದ:

"ಮೂರು ಸಲ ಕೂಗಿದರೂ ಏಳಲಿಲ್ಲ ನಾನು,
ತಳ ಹಿಡಿದ ಬಾಳಿಗೆ ಒಂದೇ ಗತಿ ನೀನು,
ಉರಿ ಇಳಿಸಲು ಬಾ..."

ಕಣ್ಣು ಬಿಟ್ಟರೆ, ಕಿಟಕಿಯಾಚೆ ಪಕ್ಕದ ಮನೆಯ ಮಹಾದೇವಯ್ಯ ಮೇಷ್ಟ್ರು! ಬಾಯಲ್ಲಿ ಬ್ರಷ್ಷು, ಗಡ್ಡದ ಮೇಲೆ ಪೇಸ್ಟಿನ ನೊರೆ, ಕೈಯಲ್ಲಿ ವಿಡಿಯೋ ಮಾಡುತ್ತಿದ್ದ ಮೊಬೈಲು.

"ಏನ್ಲಾ ರಾಜು, ನಿನ್ನೊಳಗೆ ಇಂಥ ಭಕ್ತ ಇದ್ನಾ! ಮೂರು ಕೂಗು ಅಂದ್ರೆ ಜೀವಕ್ಕೆ ಅಂಟಿರೋ ಆಣವ, ಮಾಯೆ, ಕರ್ಮ ಅನ್ನೋ ಮೂರು ಮಲ. ಉರಿ ಇಳಿಸೋನು ಸಾಕ್ಷಾತ್ ಶಿವ! ಇವತ್ತು ತುಮಕೂರಲ್ಲಿ ಭಜನೆ ಸ್ಪರ್ಧೆ ಐತೆ. ನಮ್ ತಂಡಕ್ಕೆ ಇದೇ ಹಾಡು!"

"ಮೇಷ್ಟ್ರೇ, ಅದು ಕುಕ್ಕ..."

"ಕುಕ್ಕಬೇಡ, ಹೊರಡು!"

ರಾಜು ಬನಿಯನ್ ಬದಲಿಸುವಷ್ಟರಲ್ಲಿ ವಿಡಿಯೋ ಮೇಷ್ಟ್ರ ಸ್ಟೇಟಸ್‌ನಲ್ಲಿತ್ತು. ವ್ಯಾನ್ ಹತ್ತುವಷ್ಟರಲ್ಲಿ ತಂಡದ ತಾಳದ ರಂಗಯ್ಯ ಸಿಡಿದೆದ್ದಿದ್ದ. ಆತ ತೆಂಗಿನಕಾಯಿ ವ್ಯಾಪಾರಿ, ದೇವರಾಯನದುರ್ಗದ ನರಸಿಂಹನ ಒಕ್ಕಲು.

"ಯಾವ್ ಮಲ ಮೇಷ್ಟ್ರೇ! ಪ್ರಹ್ಲಾದ ಮೂರು ಸಲ ಕೂಗ್ದ, ಕಂಬ ಒಡ್ಕೊಂಡು ನರಸಿಂಹ ಬಂದ. ಸಣ್ ಮಕ್ಕಳಿಗೂ ಗೊತ್ತಾಯ್ತದೆ!"

"ನಿನ್ ಪ್ರಹ್ಲಾದನ ಬಾಳು ಯಾವಾಗ ತಳ ಹಿಡೀತಯ್ಯಾ?"

ವ್ಯಾನು ತುಮಕೂರು ಮುಟ್ಟುವವರೆಗೂ ಇಬ್ಬರೂ ಒಂದೇ ಸೀಟಿನಲ್ಲಿ ಎರಡು ಕುಕ್ಕರುಗಳಂತೆ ಬುಸುಗುಟ್ಟಿದರು. ಆಗ ರಾಜುವಿನ ಫೋನು ಬಡಿದುಕೊಂಡಿತು. ಶೃತಿ!

"ರೀ, ಮೇಷ್ಟ್ರ ಸ್ಟೇಟಸ್ ನೋಡ್ದೆ, ಇವತ್ತು ತುಮಕೂರಲ್ಲಿ ಹಾಡ್ತೀರಂತೆ. ಅಮ್ಮ ಅದು ದೇವರ ಹಾಡು ಕಣೇ ಅಂತಾಳೆ. ನಾನು 'ಅಲ್ಲ, ನಮ್ಮನೆಯವ್ರು ನನ್ ಮೇಲೇ ಕಟ್ಟಿರೋದು' ಅಂತ ಅವಳ ಜೊತೆ ಜಗಳ ಆಡ್ಕೊಂಡು ಹೊರಟಿದೀನಿ. ಬ್ಯಾಗ್ ಸಮೇತ ತುಮಕೂರಿಗೇ ಬರ್ತೀನಿ. ಒಟ್ಟಿಗೆ ಮನೆಗೆ ಹೋಗಾಣ."

ರಾಜು ರೆಕ್ಕೆ ಬಂದವನಂತೆ ವೇದಿಕೆ ಹತ್ತಿದ. ಎಂಥಾ ಕಂಠ! ಸಭೆಯೇ ತೂಗಿತು. ಹಾಡು ಮುಗಿದದ್ದೇ ತೀರ್ಪುಗಾರರು ಕನ್ನಡಕ ಏರಿಸಿದರು.

"ಚೆನ್ನಾಗಿದೆ. ಆದರೆ ಇದು ಯಾರ ಮೇಲಿನ ಹಾಡು? ಲೌಕಿಕ ಹಾಡಾದರೆ ನಿಮ್ಮ ತಂಡ ಸ್ಪರ್ಧೆಯಿಂದ ಔಟು."

ಎಡಗಡೆಯಿಂದ ಮೇಷ್ಟ್ರು ತೊಡೆ ಚಿವುಟಿದರು, "ಶಿವ ಅನ್ನು!" ಬಲಗಡೆಯಿಂದ ರಂಗಯ್ಯ ತಾಳದಲ್ಲೇ ತಿವಿದ, "ನರಸಿಂಹ ಅನ್ನಲೇ!" ರಾಜು ಸಭೆಯನ್ನೆಲ್ಲ ಕಣ್ಣಲ್ಲೇ ಜಾಲಾಡಿದ. ಶೃತಿ ಎಲ್ಲೂ ಇಲ್ಲ. ಬಸ್ಸು ಇನ್ನೂ ಬಂದಿಲ್ಲವೆಂದು ನಿಟ್ಟುಸಿರು ಬಿಟ್ಟು ಮೈಕು ಹಿಡಿದ.

"ಸ್ವಾಮಿ, ಹೆಂಡ್ತಿ ಗಿಂಡ್ತಿ ಮೇಲೆಲ್ಲ ಹಾಡು ಕಟ್ಟೋ ಪೈಕಿ ಅಲ್ಲ ನಾನು. ಇದು ಪರಮಾತ್ಮನ ಮೇಲೆ. ಅವರವರ ದೇವರು ಅವರವರಿಗೆ!"

ಚಪ್ಪಾಳೆಯೋ ಚಪ್ಪಾಳೆ! ಮೇಷ್ಟ್ರೂ ರಂಗಯ್ಯನೂ ತಬ್ಬಿಕೊಂಡರು. ಮೊದಲ ಬಹುಮಾನದ ದೊಡ್ಡ ಡಬ್ಬ ರಾಜುವಿನ ಕೈಗೆ ಬಂತು. ಬಣ್ಣದ ಕಾಗದ ಹರಿದರೆ, ಒಳಗೆ ಹೊಚ್ಚ ಹೊಸ ಕುಕ್ಕರು.

ತಲೆ ಎತ್ತಿದ. ಬಾಗಿಲ ಪಕ್ಕದ ದಪ್ಪ ಕಂಬದ ಹಿಂದಿನಿಂದ ಶೃತಿ ಹೊರಬಂದಳು. ಹೆಗಲಲ್ಲಿ ಬ್ಯಾಗು, ಕಣ್ಣಲ್ಲಿ ಕೆಂಡ. ರಂಗಯ್ಯನ ವ್ಯಾಖ್ಯಾನವೇ ಸರಿಯೆಂದು ರಾಜುವಿಗೆ ಆ ಕ್ಷಣ ಖಾತ್ರಿಯಾಯಿತು.

"ಲೇ ಶೃತಿ, ಅದು ಸುಮ್ನೆ ಸ್ಪರ್ಧೆಗೆ..."

"ಪರಮಾತ್ಮನ್ನೇ ಮನೆಗೆ ಕರ್ಕೊಂಡೋಗ್ರಿ. ಕುಕ್ಕರೂ ಸಿಕ್ಕೈತಲ್ಲ, ಅವನೇ ಬಂದು ಇಳಿಸ್ಲಿ!"

ಎಂದವಳೇ ತಿರುಗಿ ನೋಡದೆ ಕುಣಿಗಲ್ ಬಸ್ಸು ಹತ್ತಿದಳು. ಮಹಾದೇವಯ್ಯ ಮೇಷ್ಟ್ರು ಕೈಮುಗಿದು, ಕಣ್ಣೊರೆಸಿಕೊಳ್ಳುತ್ತಾ ರಾಜುವಿನ ಬೆನ್ನು ತಟ್ಟಿದರು.

"ನೋಡ್ದಾ ರಾಜು, ನಿನ್ ಹಾಡಿನ ಮಹಿಮೆ! ಶೃತಿಗೂ ಸಂಸಾರದ ಮೇಲೆ ವೈರಾಗ್ಯ ಬಂದ್ಬುಡ್ತು!"