ಮಾವನವರ ಬಾಲ್ಕನಿಗೆ ನಾನು ಕೊರೆದ ತೂತುಗಳು

ನನ್ನ ಕೆಲಸ ಏನೆಂದು ಕೇಳಿದವರಿಗೆ ಈಗೀಗ ಗೌರಿಬಿದನೂರಿನಲ್ಲಿ ಕಾರ್ಖಾನೆಯಲ್ಲಿದ್ದೇನೆ ಎಂದಷ್ಟೇ ಹೇಳುತ್ತೇನೆ. ಪೂರ್ತಿ ಹೇಳಿದರೆ ಎದುರಿಗಿರುವವರು ಅನುಕಂಪದಿಂದ ನೋಡುತ್ತಾರೆ. ಉಕ್ಕನ್ನು ವೆಲ್ಡ್ ಮಾಡಿದಾಗ ಕರಗಿದ ಭಾಗ ತಣ್ಣಗಾಗುತ್ತ ಕುಗ್ಗಲು ನೋಡುತ್ತದೆ, ಪಕ್ಕದ ಉಕ್ಕು ಬಿಡುವುದಿಲ್ಲ. ಈ ಜಗ್ಗಾಟ ಒಳಗೇ ಉಳಿದುಬಿಡುತ್ತದೆ. ಮೇಲೆ ಹೊರೆಯಿಲ್ಲ, ಸದ್ದಿಲ್ಲ, ಬಣ್ಣ ಹೊಡೆದರೆ ಚೆಂದವಾಗಿಯೇ ಕಾಣುತ್ತದೆ. ಅದನ್ನು ಅಳೆಯುವುದು ನನ್ನ ಕೆಲಸ. ಬೆಸುಗೆಯ ಪಕ್ಕ, ಉಕ್ಕು ಹಿಗ್ಗಿದ್ದು ಕುಗ್ಗಿದ್ದು ತೋರಿಸುವ ಉಗುರಿನಷ್ಟು ಗೇಜು ಅಂಟಿಸಿ, ಅದರ ನಡುವೆ ಸಣ್ಣ ತೂತು ಕೊರೆಯಬೇಕು. ತೂತಿನ ಸುತ್ತಲಿನ ಉಕ್ಕು ಎಷ್ಟು ಸಡಿಲವಾಯಿತೋ ಅದರಿಂದ ಮೊದಲು ಎಷ್ಟು ಬಿಗಿಯಿತ್ತೆಂದು ಲೆಕ್ಕ ಹಾಕಬೇಕು. ಅಂದರೆ, ಬಿಗಿ ಎಷ್ಟೆಂದು ಗೊತ್ತಾಗುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ನೆನಪಿನ ಬಗ್ಗೆಯೂ ನನಗೆ ಇದೇ ಗುಮಾನಿ. ಆದ್ದರಿಂದ ಮುಂದಿನದರಲ್ಲಿ ತೂತುಗಳಷ್ಟೇ ಖಚಿತ, ಮಾತುಗಳನ್ನು ನಾನು ತಿದ್ದಿರಬಹುದು. ಇದನ್ನು ಸಂಸಾರಕ್ಕೆ ಹೋಲಿಸುವವರು ಹೋಲಿಸಿಕೊಳ್ಳಲಿ. ನಾನು ಹೋಲಿಸುವುದಿಲ್ಲ, ನನ್ನ ಹೆಂಡತಿ ಇದನ್ನು ಓದುತ್ತಾಳೆ.

ಚಿಂತಾಮಣಿಯಲ್ಲಿ ಮಾವನವರು ಕಲ್ಯಾಣಮಂಟಪ ಕಟ್ಟಿಸಿದರು. ಅಲ್ಲಿ ಮೊದಲ ಮದುವೆ ನನ್ನ ನಾದಿನಿಯದೇ. ಮೇಲೊಂದು ಬಾಲ್ಕನಿ, ಅದನ್ನು ಹೊರಲು ವೆಲ್ಡ್ ಮಾಡಿದ ಎರಡು ಉಕ್ಕಿನ ತೊಲೆಗಳು. ಒಂದು ತೊಲೆ ಪಕ್ಕಕ್ಕೆ ಬಾಗಿತ್ತು. “ಅಳಿಯಂದ್ರೆ, ಮೇಲೆ ಬೀಗರ ಕಡೆಯವರನ್ನ ಕೂರಿಸ್ಬೇಕು. ತಡ್ಕೊಳ್ಳುತ್ತಾ ನೋಡಿ ಹೇಳ್ಬಿಡಿ,” ಎಂದರು ಮಾವ. ನಾನು ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಬಳ್ಳಾಪುರದ ಮೇಲೆ ಬಸ್ಸಿನಲ್ಲಿ ಹೋದೆ. ಪಕ್ಕದಲ್ಲಿ ಕೂತಿದ್ದ ಶಿಡ್ಲಘಟ್ಟದ ಅಜ್ಜಿ ಅದರ ವೈರುಗಳನ್ನು ನೋಡಿ, “ಏಮಪ್ಪಾ, ಬಿ.ಪಿ. ನೋಡೋ ಮಿಷಿನ್ನಾ? ನಂದೂ ಒಂಚೂರು ನೋಡಪ್ಪಾ,” ಎಂದು ತೋಳು ಚಾಚಿದರು. ಉಕ್ಕಿನದು ಮಾತ್ರ ನೋಡುತ್ತೇನೆ ಎಂದೆ. ಆಮೇಲೆ ಅವರು ಊರು ಬರುವವರೆಗೂ ಕಿಟಕಿಯತ್ತಲೇ ಮುಖ ಮಾಡಿ ಕೂತರು.

ಮೊದಲ ತೂತಿನಲ್ಲಿ ಬಿಗಿ ಬಹಳ ಬಂತು. ಬೆಸುಗೆಯ ಹತ್ತಿರ ಅದು ಮಾಮೂಲು, ಆದರೆ ತೊಲೆ ಬಾಗಿಯೂ ಇದ್ದುದರಿಂದ ಅದರ ಸುತ್ತಮುತ್ತ ಇನ್ನಷ್ಟು ಅಳೆಯಬೇಕಿತ್ತು. ಮುಂದಿನ ಭಾನುವಾರ ಹೋದರೆ ತೂತೇ ಇಲ್ಲ. ಆ ಜಾಗದಲ್ಲಿ ಹೊಸ ಬೆಸುಗೆಯ ಬೊಬ್ಬೆ, ಮೇಲೊಂದು ಕುಂಕುಮದ ಬೊಟ್ಟು. ಅತ್ತೆಯವರ ವಂಶದಲ್ಲಿ ಚಪ್ಪರ ಹಾಕುವ ಮುಂಚೆ ಇಲಿಬಿಲವನ್ನೂ ಹುಡುಕಿ ಮುಚ್ಚಿ ಬೊಟ್ಟಿಡುತ್ತಾರಂತೆ. “ಶುಭಕಾರ್ಯದಲ್ಲಿ ತೂತು ಹಂಗೇ ಬಿಡ್ತಾರಾ? ಪಾಪ, ನೀವು ಮರ್ತೋಗಿದ್ರಿ, ನಾನೇ ಮುಚ್ಚಿಸ್ದೆ,” ಎಂದರು ಅತ್ತೆ. ಮುಚ್ಚಿದ ವೆಲ್ಡರ್ ಮುನಿರಾಜು ಹೆಮ್ಮೆಯಿಂದ, “ಎರಡು ಸುತ್ತು ಹಾಕಿದೀನಿ ಸಾರ್, ಆನೆ ಬಂದ್ರೂ ಬಿಚ್ಚಲ್ಲ,” ಎಂದ.

ಹೊಸ ಬೆಸುಗೆ ಹೊಸದಾಗಿ ಜಗ್ಗುತ್ತದೆ, ಇನ್ನು ಅಲ್ಲಿ ಅಳೆದರೆ ಮುನಿರಾಜುವಿನ ಎರಡು ಸುತ್ತನ್ನೇ ಅಳೆದಂತೆ ಎಂದು ವಿವರಿಸಿದೆ. “ಅದಕ್ಯಾಕೆ ಬೇಜಾರು, ಆ ಕಡೆ ಕೊರೀರಿ,” ಎಂದರು ಅತ್ತೆ. ಆ ಕಡೆ ಕೊರೆದೆ. ಅದನ್ನೂ ಮುಚ್ಚಿಸಿದರು. ತಿಂಗಳೊಪ್ಪತ್ತಿನಲ್ಲಿ ತೊಲೆಯ ಮೈತುಂಬ ಬೊಬ್ಬೆ, ಬೊಟ್ಟು. ಅಳೆಯುವುದಕ್ಕೆ ಶುರುಮಾಡಿದಾಗ ಇದ್ದ ತೊಲೆ ಅದಾಗಿರಲಿಲ್ಲ. ನನ್ನ ಬಳಿ ಉಳಿದ ಉತ್ತರ ಒಂದೇ: ಗೊತ್ತಿಲ್ಲ.

“ಇಷ್ಟು ಕೊರೆದು ಗೊತ್ತಿಲ್ಲ ಅಂತೀರಲ್ಲ!” ಎಂದು ಮಾವ ಪಂಚೆ ಎತ್ತಿ ಕಟ್ಟಿದರು. “ಹ್ಞೂಂ ಅನ್ನಕ್ಕೆ ಏನ್ರೀ ಕಷ್ಟ? ನನ್ನ ನೋಡಕ್ಕೆ ಬಂದಾಗ ಕಾಫಿ ಮುಗಿಯೋದ್ರೊಳಗೆ ಅಂದ್ರಿ,” ಎಂದಳು ಹೆಂಡತಿ. ಆಗಲೂ ಸಾಕಷ್ಟು ಅಳೆದಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೊನೆಗೆ ತೊಲೆಯ ಕೆಳಗೆ ಕಂಬಗಳನ್ನು ಕೊಡಿ ಎಂದೆ. ಕೊಟ್ಟರು, ಚಪ್ಪರದ ದಿನ, ಆತುರಾತುರವಾಗಿ, ಮುನಿರಾಜುವಿನ ಕೈಯಲ್ಲೇ ವೆಲ್ಡ್ ಮಾಡಿಸಿ. ಅವು ಸರಿಯಾಗಿ ವೇದಿಕೆಗೆ ಅಡ್ಡ ನಿಂತವು. ಫೋಟೋಗಳಲ್ಲಿ ನಾದಿನಿ ಒಂದು ಕಂಬವನ್ನು ಮದುವೆಯಾದಂತೆ ಕಾಣುತ್ತಾಳೆ.

ಕಂಬ ಕಂಡು ಬೀಗರಿಗೆ ಅನುಮಾನ ಬಂತು, ಯಾರೂ ಮೇಲೆ ಹತ್ತಲಿಲ್ಲ. ಮಾವ ನನ್ನ ಕಿವಿಯಲ್ಲಿ, “ಅಳಿಯಂದ್ರೆ, ಮೊದಲು ನೀವು ಹೋಗಿ ಊಟಕ್ಕೆ ಕೂತ್ಕೊಳ್ಳಿ. ಆಮೇಲೆ ಅವರೇ ಬರ್ತಾರೆ,” ಎಂದರು. ಹೋಗಿ ಕೂತೆ. ಖಾಲಿ ಬಾಲ್ಕನಿ, ಉದ್ದಕ್ಕೆ ಹಾಸಿದ ಎಲೆಗಳು, ಒಂದರ ಮುಂದೆ ನಾನು. ಕೆಳಗಿನ ಕಂಬಗಳ ಬೆಸುಗೆಯನ್ನು ಯಾರೂ ಅಳೆದಿಲ್ಲ ಎಂಬುದು ಆ ಮಂಟಪದಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ನಾನು ಹೋಳಿಗೆ ಮುರಿಯುವುದನ್ನು ಕಂಡು ಧೈರ್ಯ ಬಂದು, ಗಂಡಿನ ಸೋದರಮಾವ ಇಡೀ ಬಳಗದೊಂದಿಗೆ ಮೆಟ್ಟಿಲು ಹತ್ತತೊಡಗಿದರು. ನನಗೆ ಬೇರೇನೂ ತೋಚಲಿಲ್ಲ. ಕಾಲು ಚಾಚಿ, ಹೆಗಲ ಟವೆಲ್ಲನ್ನು ಅತ್ತ, ಶರ್ಟನ್ನು ಬಿಚ್ಚಿ ಇತ್ತ ಹರವಿ, “ಇಲ್ಲಿ ಜಾಗ ಇಲ್ಲ!” ಎಂದು ಕೂಗಿದೆ. ಅವರು ಖಾಲಿ ಸಾಲನ್ನೊಮ್ಮೆ, ಬನಿಯನ್ನಿನಲ್ಲಿ ಕೂತ ನನ್ನನ್ನೊಮ್ಮೆ ನೋಡಿ ಇಳಿದುಹೋದರು.

ಆ ಬಳಗದಲ್ಲಿ ನನ್ನನ್ನು ಈಗ ಏನೆಂದು ಕರೆಯುತ್ತಾರೋ ನಾನು ವಿಚಾರಿಸಲು ಹೋಗಿಲ್ಲ. ಬಾಲ್ಕನಿಯ ಮೇಲೆ ಆಮೇಲಿನ ಎಲ್ಲ ಮದುವೆಗಳಲ್ಲೂ ಜನ ಕಿಕ್ಕಿರಿದು ಕೂತಿದ್ದಾರೆ, ಏನೂ ಆಗಿಲ್ಲ. ಪ್ರತಿ ಮದುವೆಯ ಮಾರನೆಯ ಬೆಳಿಗ್ಗೆ ಮಾವ ಫೋನ್ ಮಾಡಿ ಅದನ್ನು ತಿಳಿಸುತ್ತಾರೆ. ಸಂತೋಷ ಎನ್ನುತ್ತೇನೆ. ಸಂತೋಷವೇ, ಆದರೆ ಪೂರ್ತಿಯಲ್ಲ. ತೊಲೆ ಒಂದು ಸಣ್ಣ ಬಿರುಕು, ಯಾರಿಗೂ ತೊಂದರೆಯಾಗದಂಥದ್ದು, ಬಿಟ್ಟಿದ್ದರೆ ಸಾಕಿತ್ತು ಅನ್ನಿಸುತ್ತದೆ. ನಾನು ಎಂಥ ಮನುಷ್ಯ ಎಂಬುದು ನನಗೆ ಗೊತ್ತಾದದ್ದು ಹೀಗೆ.